ಹುಳು ಹಣ್ಣಾಗುವ ತನಕ

ರೇಷ್ಮೆ ಹುಳು ಸಾಕುವುದರಲ್ಲಿ ನನ್ನನ್ನು ಮೀರಿಸುವವರು ದಿಬ್ಬೂರಹಳ್ಳಿಯಲ್ಲಿ ಇಬ್ಬರೋ ಮೂವರೋ. ಅವರಲ್ಲಿ ಮೊದಲನೆಯವಳು ಓಬಳಮ್ಮ. ಅವಳ ಹುಳುಮನೆಗೆ ಕಾಲಿಡುವುದೆಂದರೆ ಹುಲಿಯ ಗವಿಗೆ ಕಾಲಿಟ್ಟ ಹಾಗೆ. ಬೀಡಿ ಸೇದಿದವನು, ಒಗ್ಗರಣೆ ಹಾಕಿ ಬಂದವಳು, ಘಮ್ಮೆನ್ನುವ ಎಣ್ಣೆ ಹಚ್ಚಿದವಳು, ಯಾರೇ ಆಗಲಿ ಹೊಸಿಲಾಚೆಯೇ ನಿಲ್ಲಬೇಕು. ವಾಸನೆ ತಗುಲಿದರೆ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ.

ಗಂಡ ಹೋದ ಮೇಲೆ ಆ ಹುಳುಮನೆಯಿಂದಲೇ ಮಗ ಮುನೇಶನನ್ನು ಸಾಕಿದಳು, ಮದುವೆ ಮಾಡಿದಳು. ಸೊಸೆ ತನುಜ ಗೌರಿಬಿದನೂರಿನವಳು. ಹುಳು ಮುಟ್ಟಲು ಹೇಸುತ್ತಿದ್ದವಳು ವರ್ಷ ತುಂಬುವುದರೊಳಗೆ ಅತ್ತೆಯ ಬಲಗೈ ಆದಳು; ಆಮೇಲೆ ಒಂದು ಹೆಣ್ಣುಕೂಸಿನ ತಾಯಿಯೂ ಆದಳು.

ಹೋದ ಮಾಗಿಯಲ್ಲಿ ಓಬಳಮ್ಮನಿಗೆ ಕೆಮ್ಮು ಹತ್ತಿತು. ಹಿಂದೊಮ್ಮೆ ಕ್ಷಯ ಬಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾಗಿದ್ದವಳು. ಈ ಸಲ ಮೈ ಒಣಗಿ ಕಡ್ಡಿಯಾಯಿತು. ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿಯ ಮೇಲೆ ತಪ್ಪು ಹೊರಿಸಿ, “ಸುಣ್ಣದ ಕೆಮ್ಮು ಕಣೇ, ಸುಮ್ನಿರು” ಎಂದು ಸೊಸೆಯ ಬಾಯಿ ಮುಚ್ಚಿಸಿದಳು.

ಆಶಾ ಕಾರ್ಯಕರ್ತೆ ಮಾಲಾ ಬಿಡಲಿಲ್ಲ. ಊರಿನ ಆಸ್ಪತ್ರೆಗೆ ಬ್ಯಾಟರಿಯಲ್ಲಿ ನಡೆಯುವ ಹೊಸ ಯಂತ್ರ ಬಂದಿತ್ತು. ಮೊದಲಾದರೆ ಕಫ ದೂರದ ಊರಿಗೆ ಹೋಗಿ, ಯಾವ ಮಾತ್ರೆ ನಾಟುತ್ತದೆ ಯಾವುದು ನಾಟುವುದಿಲ್ಲ ಎಂದು ತಿಳಿಯುವಷ್ಟರಲ್ಲಿ ಒಂದು ಬೆಳೆ ಗೂಡು ಕಟ್ಟಿ ಮಾರಾಟವಾಗಿರುತ್ತಿತ್ತು. ಈಗ ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ಮುದ್ದೆ ಉಣ್ಣುವ ಹೊತ್ತಿಗೆ ಉತ್ತರ. ಮಾಲಾ ಡಬ್ಬಿ ತಂದು ಹೊಸಿಲ ಮೇಲಿಟ್ಟಳು. ಓಬಳಮ್ಮ ಗೊಣಗುತ್ತಲೇ ಕೆಮ್ಮಿ ಕೊಟ್ಟಳು.

ಅದೇ ಮಧ್ಯಾಹ್ನ ಮಾಲಾ ಏದುಸಿರು ಬಿಡುತ್ತ ಬಂದಳು.

“ಓಬಳಕ್ಕಾ, ಕ್ಷಯಾನೇ. ಅದೂ ಹಳೇ ಮಾತ್ರೆಗೆ ಬಗ್ಗೋ ಅಂಥದ್ದಲ್ಲ. ಬೇರೆ ಔಷಧಿ ಬೇಕು. ನಾಳೇನೇ ಚಿಕ್ಕಬಳ್ಳಾಪುರಕ್ಕೆ ಹೋಗಣ.”

“ನಾಳೇನಾ? ಹುಳು ನಾಲ್ಕನೇ ಪೊರೆ ಬಿಟ್ಟು ಎದ್ದವೆ. ಹಗ್ಲೂ ರಾತ್ರಿ ಮೇಯೋ ಹೊತ್ತು. ಸೊಪ್ಪು ನಿಮ್ಮಪ್ಪ ಬಂದು ಹಾಕ್ತಾನಾ?”

“ತನುಜ ಹಾಕ್ತಾಳೆ.”

“ಅವ್ಳಾ! ಹಸಿದ ಹುಳು ಯಾವ್ದು, ಗೂಡು ಕಟ್ಟೋಕೆ ಹಣ್ಣಾದ ಹುಳು ಯಾವ್ದು ಅಂತ ಇನ್ನೂ ಗೊತ್ತಾಗಲ್ಲ. ಆಸ್ಪತ್ರೆ ವಾಸ್ನೆ ಹೊತ್ಕೊಂಡು ಬಂದು ನಾನಾದ್ರೂ ಒಳಗೆ ಹೆಂಗೆ ಕಾಲಿಡ್ಲಿ? ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆ ಮೇಲೆ ಗೂಡು ಕಟ್ಲಿ, ಆಮೇಲೆ ನೀನು ಕರೆದ ಕಡೆ ಬರ್ತೀನಿ.”

ಮಾಲಾಗೆ ಸಿಟ್ಟು ಬಂತು. “ರೋಗದ ಹುಳು ಒಂದು ಕಂಡ್ರೆ ಆ ಗಳಿಗೇಲೇ ಕಿತ್ತು ಎಸೀತೀಯ. ನಿನ್ನ ರೋಗಕ್ಕೆ ಮಾತ್ರ ವಾಯಿದೆನಾ? ಬರ್ದೇ ಇದ್ರೆ ಕಿಟಕಿನಾದ್ರೂ ತೆಗಿ. ಆ ಹುಡುಗೀನ ನಿನ್ ಜೊತೆ ಕೂಡಿ ಹಾಕ್ಕೋಬೇಡ, ಅವಳಿಗೂ ಇದೇ ಅಂಟುತ್ತೆ.”

“ಕಿಟಕಿ ತೆಗೆದ್ರೆ ಚಳೀನೂ ಬರ್ತದೆ, ಹುಳು ಕೊಲ್ಲೋ ಊಜಿ ನೊಣಾನೂ ಬರ್ತದೆ. ನೀನು ಕೂತು ನೊಣ ಹಿಡೀತೀಯೇನಮ್ಮ?”

ಮಾಲಾ ಕೊಟ್ಟ ಮುಖಗವಸು ಗೂಟದಲ್ಲಿ ನೇತಾಡಿತು. ಮುನೇಶ “ಹೋಗಮ್ಮ” ಎಂದು ಒಂದು ಸಲ ಅಂದು, ಬೈಸಿಕೊಂಡು ತೋಟಕ್ಕೆ ಸೊಪ್ಪು ಕೊಯ್ಯಲು ಹೋದ. ಕಿಟಕಿಗಳಿಗೆ ಗೋಣಿತಾಟು ಬಿಗಿದ ಆ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ ಹುಳುವಿಗೆ ಮೇವು ಹಾಕಿದರು. ಅತ್ತೆ ಕೆಮ್ಮಿದಾಗೆಲ್ಲ ಸೊಸೆ ಬಂದು ಬೆನ್ನು ನೀವುತ್ತಿದ್ದಳು.

ಬೆಳೆ ಬಂಗಾರದಂತೆ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ನೋಡಿದವರು ತಲೆದೂಗಿದರು. ಮರುದಿನ ಓಬಳಮ್ಮ ಮಾತು ತಪ್ಪದೆ ಆಸ್ಪತ್ರೆಗೆ ಹೋದಳು. ಹೊಸ ಔಷಧಿ ಕೈ ಹಿಡಿಯಿತು, ಮೈಗೆ ಕಸುವು ಬಂತು.

ಯುಗಾದಿ ಕಳೆದ ಮೇಲೆ ತನುಜ ಕೆಮ್ಮತೊಡಗಿದಳು. ಈ ಸಲ ಯಾರೂ ಕಾಯಲಿಲ್ಲ. ಯಂತ್ರ ಅದೇ ದಿನ ಹೇಳಿತು: ಅತ್ತೆಯದೇ ರೋಗ, ಅದೇ ಮೊಂಡುತನ.

“ಆ ದಿನಗಳಲ್ಲೇ ಅಂಟ್ತು ಅಂತ ಹೇಳಕ್ಕಾಗಲ್ಲ ಅಕ್ಕ, ಮುಂಚೇನೇ ಅಂಟಿರಬಹುದು” ಎಂದು ಮಾಲಾ ಸಮಾಧಾನ ಹೇಳಿದಳು. ನಿಜವಿರಬಹುದು. ಆದರೆ ಓಬಳಮ್ಮನ ಮನಸ್ಸು ಕೇಳಬೇಕಲ್ಲ. ಯಂತ್ರ ಕುದುರೆಯ ಹಾಗೆ ಓಡಿ ಬಂದು ಸುದ್ದಿ ಮುಟ್ಟಿಸಿತು. ಕೇಳಿಸಿಕೊಂಡವರು ಎದ್ದು ಹೊರಡದಿದ್ದರೆ ಆ ಓಟದಿಂದ ಏನು ಬಂತು?

ತನುಜಳ ಕೂಸು ಧನುಶ್ರೀಯನ್ನೂ ಪರೀಕ್ಷಿಸಿದರು; ರೋಗ ಕಾಣಲಿಲ್ಲ. ಆದರೂ ಅಮ್ಮ ಗುಣವಾಗುವ ತನಕ ಗೌರಿಬಿದನೂರಿನ ಅಜ್ಜಿಯ ಮನೆಯಲ್ಲಿರಲೆಂದು ಮುನೇಶ ಅವಳನ್ನು ಕರೆದುಕೊಂಡು ಹೊರಟ. ಮಗು ಅಮ್ಮನ ಕಡೆಗೆ ಕೈಚಾಚಿ ಅಳುತ್ತಲೇ ಹೋಯಿತು. ತನುಜ ಜಗಲಿಯ ಕಂಬ ಹಿಡಿದು ನಿಂತಿದ್ದಳು.

“ನನ್ನ ಬೈದುಬಿಡೇ ತನುಜ” ಎಂದಳು ಓಬಳಮ್ಮ.

“ಏನಂತ ಬೈಯ್ಲಿ ಅತ್ತೆ? ಅವತ್ತು ಮಾಲಕ್ಕ ಅಂದಿದ್ದು ನನ್ನ ಕಿವಿಗೂ ಬಿದ್ದಿತ್ತು. ‘ನೀನು ಹೊರಗೆ ಹೋಗಮ್ಮ’ ಅಂತ ನೀವು ಅಂತೀರೇನೋ ಅಂತ ಕಾಯ್ತಿದ್ದೆ.”

ಓಬಳಮ್ಮನಿಗೆ ಸೊಸೆಯ ಮುಖ ನೋಡಲಾಗಲಿಲ್ಲ. ಅವಳ ಮಾತ್ರೆಗೆ ನೀರು ತರುತ್ತೇನೆಂದು ಒಳಗೆ ಹೋದಳು.