ಗಂಗವ್ವನ ಅಂಗೈಗೆ ಸಿಕ್ಕ ಸುಳ್ಳು

ಅಡುಗೆಮನೆಯ ಕಟ್ಟೆಯ ಮೇಲೆ ಎರಡನೇ ರೊಟ್ಟಿ ಬಡಿಯುತ್ತಿದ್ದ ಗಂಗವ್ವ ತಟ್ಟನೆ ಕೈ ನಿಲ್ಲಿಸಿ, "ಅಕ್ಕಾರ, ಈ ಕಟ್ಟಿ ಕಲ್ಲಿನ ಕೆಳಗ ಪೊಳ್ಳ ಐತ್ರಿ" ಎಂದರು.

ಬೈಲಹೊಂಗಲದ ಹೊಸ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಅಂದು ನಮ್ಮ ವಾಸ್ತುಶಾಂತಿ. ರೊಟ್ಟಿಗೆಂದೇ ಅವರನ್ನು ನೇಸರಗಿಯಿಂದ ಕರೆಸಿದ್ದೆ. ಕೊಳ್ಳುವ ಮುಂಚೆ ನಲ್ಲಿ, ಲಿಫ್ಟು, ಕಿಟಕಿ ಎಲ್ಲವನ್ನೂ ನಾಲ್ಕು ಸಲ ನೋಡಿದ್ದ ನನಗೆ ಸಿಟ್ಟೇ ಬಂತು.

"ಗ್ರಾನೈಟ್ ಐತಿ ಗಂಗವ್ವಾ, ಭಾರಿ ಮಾಲು."

"ಮಾಲು ಛಲೋನ ಐತ್ರಿ, ಕುಂದ್ರಿಸಿದ್ದು ಛಲೋ ಇಲ್ಲ. ಇಲ್ಲಿ ಬಡದ್ರ ಪಟ್ ಅಂತೈತಿ, ಅಲ್ಲಿ ಡಬ್ ಅಂತೈತಿ. ನೀವ ಕೇಳ್ರಿ."

ನಾನೂ ಬಡಿದು ಕೇಳಿ, ಬಿಲ್ಡರ್‌ಗೆ ಫೋನ್ ಮಾಡಿದೆ. ಮರುದಿನ ಅವರ ಕಡೆಯ ಎಂಜಿನಿಯರ್ ನಗುತ್ತಲೇ ಬಂದು ಕಲ್ಲು ಎತ್ತಿಸಿದರು. ಅರ್ಧ ಭಾಗಕ್ಕೆ ಸಿಮೆಂಟೇ ಬಿದ್ದಿರಲಿಲ್ಲ. ನಗು ಅಲ್ಲಿಗೇ ನಿಂತಿತು. ವಾರದೊಳಗೆ ಕಲ್ಲನ್ನು ಹೊಸದಾಗಿ ಕೂರಿಸಿದರು. ಗಂಗವ್ವ ಮತ್ತೆ ಬಂದು ಬಡಿದು "ಈಗ ಆತ್ ನೋಡ್ರಿ" ಎಂದ ಮೇಲೆಯೇ ಕೆಲಸ ಸರಿಯಾಗಿದೆ ಎಂಬ ಬಿಲ್ಡರ್ ಕಾಗದಕ್ಕೆ ನಾನು ಸಹಿ ಹಾಕಿದ್ದು.

ಈಗ ನಮ್ಮ ಕಟ್ಟಡದಲ್ಲಿ ಫ್ಲ್ಯಾಟ್ ನೋಡಲು ಬಂದವರು ನನ್ನ ಅಭಿಪ್ರಾಯ ಕೇಳಿದರೆ ಬಾಲ್ಕನಿ ತೋರಿಸುವುದಿಲ್ಲ. ನೇರ ಅಡುಗೆಮನೆಗೆ ಕರೆದೊಯ್ದು, "ಮೊದ್ಲ ಅಂಗೈಲೆ ಬಡೀರಿ" ಎನ್ನುತ್ತೇನೆ. ಅವರು ವಿಚಿತ್ರವಾಗಿ ನನ್ನ ಮುಖ ನೋಡುತ್ತಾರೆ. ಆಮೇಲೆ ಬಡಿಯುತ್ತಾರೆ.