ಕಲ್ಲು ಹೊತ್ತು ಕುಣಿದ ಕುದುರೆ

ನನ್ನ ತಮ್ಮ ಎವಾರಿಸ್ತೊ ಮನುಷ್ಯರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಕುದುರೆ ಕೆಮ್ಮಿದರೆ ಮಾತ್ರ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಟುಲೇರಿ ಸೀಮೆಯ ಹೊಲಗಳಲ್ಲಿ ಬದುಕಿಡೀ ಕುದುರೆಮೆಂತ್ಯದ ಮೇವು ಕೊಯ್ದು ಪಿಂಡಿ ಕಟ್ಟಿದವನು. ನೆಂಟರಿಗೆ ಮೇಕೆ ಮಾಂಸದ ದೊಡ್ಡ ತುಂಡು, ಕುದುರೆಗೆ ಹಸಿರು ಮೆಂತ್ಯ, ಎರಡರಲ್ಲೂ ಕೈ ಬಿಗಿ ಹಿಡಿದವನು ನಮ್ಮಲ್ಲಿ ಗಂಡಸೇ ಅಲ್ಲ. ಬರೀ ಒಣಹುಲ್ಲು ಹಾಕುವವರನ್ನು ಕಂಡರೆ ಅವನಿಗೆ ಅಯ್ಯೋ ಎನಿಸುತ್ತಿತ್ತು.

ಅವನ ಹೆಂಡತಿ ಚೇಲಾ, ಪುಣ್ಯಾತ್ಗಿತ್ತಿ, ಬಾಯಿಯೂ ಜೋರು. "ನಂಗೆ ಯಾವತ್ತಾದ್ರೂ ಹಿಂಗೆ ಬಡಿಸಿದ್ದೀಯಾ?" ಎನ್ನುವಳು.

"ನೀನೂ ಹಂಗೆ ಕುಣಿದು ತೋರ್ಸು, ಬಡಿಸ್ತೀನಿ!"

ಕುಣಿಯುತ್ತಿದ್ದುದು ಗೊಲೊಂದ್ರೀನ, ಬೂದುಬಣ್ಣದ ಅರಬ್ಬೀ ಹೆಣ್ಣುಕುದುರೆ. ಬ್ಯಾಂಡಿನವರು ತುತ್ತೂರಿ ಊದಿದರೆ ಸಾಕು, ಕಾಲು ನೆಲದ ಮೇಲೆ ನಿಲ್ಲದು. ಅವನೇ ಕಲಿಸಿದ್ದು, ಬೆತ್ತ ಮುಟ್ಟದೆ.

ಆ ವರ್ಷ ಅವನ ಮೊಮ್ಮಗಳು ಮಾರಿಸೆಲಾಗೆ ಹದಿನೈದು ತುಂಬುವ ಹಬ್ಬ. ನಮ್ಮಲ್ಲಿ ಅದು ಮದುವೆಗಿಂತ ಒಂದು ಕೈ ಮೇಲೆ. ಹುಡುಗಿ ಅಗಲ ಲಂಗ ಹರಡಿಕೊಂಡು ಕುದುರೆಯ ಮೇಲೆ ಬರಬೇಕು, ಕುದುರೆ ಎಲ್ಲರೆದುರು ಕುಣಿಯಬೇಕು. ಅದೇ ಹೊತ್ತಿಗೆ ಗೊಲೊಂದ್ರೀನ ಮೇವು ಬಿಡತೊಡಗಿತು. ಕತ್ತು ತಿರುಗಿಸಿ ಹೊಟ್ಟೆ ನೋಡಿಕೊಳ್ಳುವುದು, ಮಲಗುವುದು. ಮರುದಿನ ಏನೂ ಆಗದಂತೆ ತಿನ್ನುವುದು. ಒಂದು ಬೆಳಿಗ್ಗೆ ಲದ್ದಿಯಲ್ಲಿ ಅಡಿಕೆ ಗಾತ್ರದ ನುಣ್ಣನೆ ಕಲ್ಲು ಸಿಕ್ಕಿತು. ತೊಳೆದು ತಂದು ನನಗೆ ತೋರಿಸಿದ. "ನೋಡಕ್ಕಾ, ರೋಗ ತಾನಾಗೇ ಹೊರಗೆ ಬಿತ್ತು."

ಕುದುರೆ ನೋಡಲು ಬಂದ ಪಶುವೈದ್ಯೆ, ಡಾಕ್ಟರಮ್ಮ ಹೋಲ್ಟ್, ಆ ಕಲ್ಲನ್ನು ಬೆರಳಿನಿಂದ ಸವರಿ ನೋಡಿದಳು. "ಒಂದು ಕಡೆ ಚಪ್ಪಟೆ ಇದೆ. ಒಳಗೆ ಇನ್ನೊಂದು ಕಲ್ಲಿಗೆ ಉಜ್ಜಿ ಸವೆದಿರೋದು."

ವ್ಯಾನಿನಲ್ಲಿದ್ದ ಸಣ್ಣ ಎಕ್ಸರೇ ಯಂತ್ರ ತಂದು ಹೊಟ್ಟೆಗೆ ಹಿಡಿದಳು. ಚಿತ್ರದಲ್ಲಿ ಬರೀ ಮಂಜು.

"ಕಲ್ಲಿಲ್ವಲ್ಲಾ!" ಎಂದ ನನ್ನ ತಮ್ಮ.

"ಕಲ್ಲು ಕಾಣ್ತಿಲ್ಲ ಅಷ್ಟೇ ಸ್ವಾಮಿ, ಇಲ್ಲ ಅಂತಲ್ಲ. ಇದು ಕಾಲಿನ ಮೂಳೆ ನೋಡೋ ಯಂತ್ರ. ಇಷ್ಟು ದಪ್ಪ ಹೊಟ್ಟೆಯೊಳಗೆ ಇದರ ಆಟ ನಡೆಯಲ್ಲ. ಮೇವು ನಿಲ್ಸಿ, ಹೊಟ್ಟೆ ಖಾಲಿ ಮಾಡ್ಸಿ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ. ಈಗಲೇ."

"ಶನಿವಾರ ಹಬ್ಬ ತಾಯಿ. ಉಪವಾಸ ಕೆಡವಿದ ಕುದುರೇನ ನಾಲ್ಕು ಜನದ ಮುಂದೆ ಹೆಂಗೆ ನಿಲ್ಲಿಸ್ಲಿ? ಹಬ್ಬ ಮುಗಿಸ್ಕೊಂಡು ಬರ್ತೀನಿ."

ಅವಳು ಹೋದ ಮೇಲೆ ಇನ್ನೊಂದು ಮಡಿಲು ಮೆಂತ್ಯ ಹಾಕಿದ. ಆ ಹಸಿರು ಮೇವಿನಲ್ಲೇ ಕಲ್ಲು ಬಲಿಯುತ್ತದೆಂದು ನಮಗೆ ಯಾರಿಗೆ ಗೊತ್ತಿತ್ತು?

ಗೊಲೊಂದ್ರೀನ ಕುಣಿಯಿತು. ಅಂಥ ಕುಣಿತ ನಾನು ಕಂಡಿಲ್ಲ. ಒಂದು ಸುತ್ತು ಮುಗಿದಾಗ ಮಾರಿಸೆಲಾ ಬಗ್ಗಿ, "ತಾತಾ, ಇವಳು ನಡುಗ್ತಿದ್ದಾಳೆ," ಎಂದಳು.

"ಖುಷಿಗೆ, ನನ್ನ ಕಂದಾ. ಖುಷಿಗೆ."

ಭಾನುವಾರ ಬೆಳಗ್ಗೆ ಅದು ನೆಲಕ್ಕೆ ಬಿದ್ದು ಹೊರಳಾಡುತ್ತಿತ್ತು. ದೊಡ್ಡಾಸ್ಪತ್ರೆಗೆ ಸಾಗಿಸಿ, ಗೋಡೆಯಷ್ಟು ದೊಡ್ಡ ಎಕ್ಸರೇ ಯಂತ್ರದ ಮುಂದೆ ನಿಲ್ಲಿಸಿದರು. ಆ ಚಿತ್ರವನ್ನು ನಾನೂ ನೋಡಿದೆ. ಕರಬೂಜದಷ್ಟು ದುಂಡಗೆ, ಬೆಳ್ಳಗೆ, ಓದು ಬಾರದ ನನಗೂ ತಿಳಿಯುವಂತೆ ಕೂತಿತ್ತು. ಅಷ್ಟರಲ್ಲಿ ಕರುಳು ಒಡೆದುಹೋಗಿತ್ತು.

"ಹಬ್ಬಕ್ಕೆ ಮುಂಚೆ ತಂದಿದ್ರೆ?" ತಮ್ಮ ಕೇಳಿದ.

ಅಲ್ಲಿನ ಡಾಕ್ಟರು ಸುಳ್ಳು ಹೇಳಲಿಲ್ಲ. "ಕೊಯ್ದು ತೆಗೀತಿದ್ವಿ. ಹೆಚ್ಚಿನವು ಬದುಕ್ತಾವೆ."

ನೋವಿನಿಂದ ಬಿಡಿಸಿ ಕಣ್ಣು ಮುಚ್ಚಿಸುವ ಸೂಜಿ ಚುಚ್ಚುವಾಗ ಅದರ ತಲೆ ತಮ್ಮನ ತೊಡೆಯ ಮೇಲಿತ್ತು. ಮನೆಗೆ ಬಂದಾಗ ಮಾರಿಸೆಲಾ ಅಳುತ್ತ, "ನಾನು ಮೇಲೆ ಕೂತಿದ್ದಕ್ಕಾ ತಾತಾ?" ಎಂದಳು.

"ನಿನ್ನ ಭಾರ ಎಷ್ಟು ಮಗಳೇ? ಅದು ಹೊತ್ತಿದ್ದು ನನ್ನ ಜಂಬಾನ."

ಅದೇ ಮೇವು ತಿಂದು ಬೆಳೆದದ್ದು ಗೊಲೊಂದ್ರೀನಳ ಮಗಳು ಪಲೋಮಾ. ಹೊರಗೆ ಕಾಯಿಲೆಯ ಗುರುತು ಏನೂ ಇರಲಿಲ್ಲ; ಆದರೂ ಮುಂದಿನ ವಾರ ತಮ್ಮ ತಾನಾಗೇ ಅದನ್ನು ಉಪವಾಸ ಕೆಡವಿದ. ಅದು ಮೇವಿಗಾಗಿ ಕೆನೆದಾಗಲೆಲ್ಲ ಕಿವಿ ಮುಚ್ಚಿಕೊಂಡು ಲಾಯದಲ್ಲೇ ಕೂತಿದ್ದ. ದೊಡ್ಡಾಸ್ಪತ್ರೆಯ ಚಿತ್ರದಲ್ಲಿ ಕಲ್ಲು ಕಂಡಿತು, ಕೊಯ್ದು ತೆಗೆದರು, ಬದುಕಿತು. ಎಲ್ಲರೂ ಹೊಗಳಿದರು. "ತಾಯಿಗೆ ಮಾಡದ್ದನ್ನ ಮಗಳಿಗೆ ಮಾಡ್ದೆ," ಎಂದ. "ಅದರಲ್ಲೇನು ಹೆಚ್ಚುಗಾರಿಕೆ?"

ಪಲೋಮಾಗೆ ಅವನು ಕುಣಿತ ಕಲಿಸಲಿಲ್ಲ. ಹಬ್ಬಕ್ಕೆ ಕೇಳಿಕೊಂಡು ಬಂದವರಿಗೆಲ್ಲ "ಅದಕ್ಕೆ ಬರಲ್ಲ" ಎಂದು ಹೇಳಿ ಕಳಿಸುತ್ತಿದ್ದ. ಆದರೆ ದೂರದ ಹೊಲದಾಚೆ ಎಲ್ಲೋ ಬ್ಯಾಂಡು ಬಾರಿಸಿದರೆ ಅದರ ಕಾಲು ತಾನಾಗಿ ಏಳುತ್ತಿತ್ತು. ಆಗ ಅವನು ಎದ್ದು ಹೋಗಿ, ಕತ್ತಿನ ಮೇಲೆ ಕೈಯಿಟ್ಟು, ಅದು ಸುಮ್ಮನಾಗುವ ತನಕ ಅಲ್ಲೇ ನಿಂತಿರುತ್ತಿದ್ದ.