ಖಾಲಿ ಹಾಳೆಯಿಂದ ಓದಿದ್ದು

ಪುಸ್ತಕಗಳ ಬಗ್ಗೆ ಪವಾಡ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಯಾರದೋ ಅಜ್ಜ ಮುಚ್ಚಿದ ಪುಸ್ತಕ ಓದುತ್ತಿದ್ದನಂತೆ, ಯಾವುದೋ ಮಠದಲ್ಲಿ ಓಲೆಗರಿ ತಾನೇ ಮಗುಚುತ್ತಿತ್ತಂತೆ. ಇಂಥವನ್ನು ಹೇಳಿದವರ ಮುಖದ ಮೇಲೆಯೇ ಸುಳ್ಳು ಎಂದವನು ನಾನು. ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಕಾದಂಬರಿಕಾರ ಎಷ್ಟು ಸುಳ್ಳು ಹೇಳಿದರೂ ನನಗೆ ಸಿಟ್ಟಿಲ್ಲ. ಇದು ಕಟ್ಟಿದ ಕಥೆ ಎಂದು ಒಪ್ಪಿಕೊಂಡೇ ಅವನು ಬರೆಯಲು ಕೂತಿರುತ್ತಾನೆ. ನನ್ನ ಸಿಟ್ಟೆಲ್ಲ ಆತ್ಮಕಥೆ ಬರೆಯುವವರ ಮೇಲೆ. ಅವರೂ ತಪ್ಪುಗಳನ್ನು ಹೇಳಿಕೊಳ್ಳುತ್ತಾರೆ, ಆದರೆ ಹೇಳಿಕೊಂಡರೆ ಶೋಭೆ ಹೆಚ್ಚುವಂಥ ತಪ್ಪುಗಳನ್ನು ಮಾತ್ರ. ಶಾಲೆ ತಪ್ಪಿಸಿದ್ದು, ಪರರ ಗಿಡದ ಮಾವಿನಕಾಯಿ ಹರಿದದ್ದು. ಓದುವವರು ಎಂಥ ಪ್ರಾಮಾಣಿಕ ಮನುಷ್ಯ ಎಂದು ತಲೆದೂಗುತ್ತಾರೆ.

ಆಗ ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ನಾನು ಸೇಡಂನಲ್ಲಿ ಮಾಸ್ತರನಾಗಿದ್ದೆ. ಶಾಲೆಯಲ್ಲಿ ನಾನು ಕಲಿತದ್ದೆಲ್ಲ ಉರ್ದು. ಕನ್ನಡ ಅಕ್ಷರಗಳನ್ನು ಮನೆಯಲ್ಲಿ ತಂದೆ ತಿದ್ದಿಸಿದ್ದರು. ಸರಕಾರ ಬದಲಾಗಿ ಶಾಲೆ ಕನ್ನಡಕ್ಕೆ ತಿರುಗಿದಾಗ ನನ್ನ ನಾಲಿಗೆ ತಿರುಗಿತು, ಕೈ ತಿರುಗಲಿಲ್ಲ. ಅವಸರದಲ್ಲೋ ಸಿಟ್ಟಿನಲ್ಲೋ ಪುಸ್ತಕ ಹಿಡಿದರೆ, ಕನ್ನಡದ್ದಾದರೂ ಬಲದಿಂದ ಎಡಕ್ಕೆ ಓದುವ ಉರ್ದು ಪುಸ್ತಕದ ಹಾಗೆ ಹಿಂದಿನ ರಟ್ಟಿನಿಂದಲೇ ತೆರೆಯುತ್ತಿದ್ದೆ. ನಮ್ಮ ಕಡೆ ನನ್ನ ವಯಸ್ಸಿನ ಎಷ್ಟೋ ಜನರಿಗೆ ಈ ಚಾಳಿ ಇತ್ತು.

ಕನ್ನಡ ಪುಸ್ತಕ ಊರಿಗೆ ಬರುವುದೇ ಅಪರೂಪ. ಬಂದರೆ ಒಬ್ಬರು ಓದಬೇಕು, ಹತ್ತು ಜನ ಕೇಳಬೇಕು. ಪ್ರತಿ ರವಿವಾರ ಮಧ್ಯಾಹ್ನ ಬಟ್ಟೆ ಅಂಗಡಿಯ ವೀರಭದ್ರಪ್ಪನವರ ಪಡಸಾಲೆಯಲ್ಲಿ ನಾನು ಓದುತ್ತಿದ್ದೆ. ಪುರಾಣಕ್ಕಿದ್ದ ರಿವಾಜುಗಳೆಲ್ಲ ಅಲ್ಲಿ ಕಾದಂಬರಿಗೂ ಇದ್ದವು. ಪುಸ್ತಕಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಕೈಗೆ ಕೊಡುತ್ತಿದ್ದರು. ಸಾವಿನ ಪ್ರಸಂಗದ ಮೇಲೆ ಓದು ನಿಲ್ಲಿಸಿ ಪುಸ್ತಕ ಮುಚ್ಚುವಂತಿರಲಿಲ್ಲ. ಹಿಂದೆಯೋ ಮುಂದೆಯೋ ಹುಡುಕಿ, ಮದುವೆಯದೋ ತೊಟ್ಟಿಲಿನದೋ ನಾಲ್ಕು ಸಾಲು ಓದಿಯೇ ಮುಚ್ಚಬೇಕು. ಒಂದು ಪತ್ತೇದಾರಿ ಕಾದಂಬರಿಯಲ್ಲಿ ಮದುವೆಯೇ ಸಿಗದೆ ನಾನು ಪಟ್ಟ ಪಾಡು ನನಗೇ ಗೊತ್ತು.

ಆ ವರ್ಷ ಧಾರವಾಡದ ಕಡೆಯಿಂದ ಒಂದು ಆತ್ಮಕಥೆ ಬಂತು. ಬರೆದವರು ದೊಡ್ಡ ಸಾಹಿತಿ, ಹುಟ್ಟಿದ್ದು ನಮ್ಮ ಸೇಡಂನಲ್ಲೇ. ಹೆಸರು ಹೇಳುವುದಿಲ್ಲ, ಹೇಳಿದರೆ ಅವರ ಕೊರಳಿಗೆ ಇನ್ನೊಂದು ಹಾರ ಹಾಕಿದಂತಾಗುತ್ತದೆ. ಅವರ ಮೊದಲ ಹೆಂಡತಿ ನೀಲಮ್ಮ, ಈ ವೀರಭದ್ರಪ್ಪನವರ ಅಕ್ಕ. ಹೆಚ್ಚಿನ ಓದಿಗೆಂದು ಧಾರವಾಡಕ್ಕೆ ಹೊರಟ ಗಂಡ ಆರು ತಿಂಗಳಲ್ಲಿ ಬರುತ್ತೇನೆಂದು ಹೇಳಿ ಹೋದವನು ಇಪ್ಪತ್ತು ವರ್ಷವಾದರೂ ತಿರುಗಿ ನೋಡಿರಲಿಲ್ಲ. ಅಲ್ಲೇ ಇನ್ನೊಂದು ಮದುವೆ, ಮಕ್ಕಳು, ಮನೆ. ನೀಲಮ್ಮ ತಮ್ಮನ ಮನೆ ಸೇರಿದ್ದರು. ಇನ್ನು ಮುಂದೆ ಆ ಸಾಹಿತಿಯನ್ನು ಅವರು ಎಂದು ಬರೆಯಲು ನನ್ನ ಕೈಲಾಗದು. ಆತ ಎಂದೇ ಬರೆಯುತ್ತೇನೆ.

ನೀಲಮ್ಮನವರಿಗೆ ಅಕ್ಷರ ಬರುತ್ತಿರಲಿಲ್ಲ. ಆ ಪುಸ್ತಕ ತರಿಸಲು ತಮ್ಮನ ಬೆನ್ನು ಹತ್ತಿದವರು ಆಕೆಯೇ. ಪ್ರತಿ ವಾರ ಓದು ಮುಗಿದ ಮೇಲೆ ತನ್ನ ಹೆಸರು ಬಂತೇ ಎಂದು ಮೆಲ್ಲಗೆ ಕೇಳುತ್ತಿದ್ದರು. ಇನ್ನೂ ಮುಂದೆ ಇದೆ ಅಕ್ಕ, ಎನ್ನುತ್ತಿದ್ದೆ. ನಾನಾಗಲೇ ಮನೆಯಲ್ಲಿ ಇಡೀ ಪುಸ್ತಕ ಓದಿದ್ದೆ. ಆಕೆಯ ಹೆಸರಿರಲಿ, ಅಂಥದೊಂದು ಮದುವೆ ಆಗಿತ್ತೆಂಬ ಸುಳಿವೂ ಅದರಲ್ಲಿ ಇರಲಿಲ್ಲ. ಆತನನ್ನು ಸಿಗಿದು ಹಾಕುವಷ್ಟು ಸಿಟ್ಟು ಬಂದಿತ್ತು, ಆಕೆಗೆ ನಿಜ ಹೇಳುವಷ್ಟು ಧೈರ್ಯ ಮಾತ್ರ ಬರಲಿಲ್ಲ. ಊರಿಗೆಲ್ಲ ಖಡಕ್ ಮಾಸ್ತರನಾದ ನಾನು ಆಕೆಗೆ ವಾರ ವಾರ ಸುಳ್ಳು ಹೇಳಿದೆ.

ನಾಲ್ಕನೆಯ ರವಿವಾರ ಆತನ ತಾಯಿಯ ಸಾವಿನ ಅಧ್ಯಾಯ ಬಂತು. ಹಾಸಿಗೆ ಹಿಡಿದ ತಾಯಿಯ ಬಟ್ಟೆಗಳನ್ನು ಒಂದು ವರ್ಷ ತಾನೇ ಕಾಗಿಣಾ ನದಿಗೆ ಒಯ್ದು ಒಗೆದು ತಂದೆನೆಂದು ಆತ ಬರೆದಿದ್ದ. ಒಗೆದವರು ಯಾರೆಂದು ಆ ಪಡಸಾಲೆಯಲ್ಲಿ ಕೂತವರಿಗೆಲ್ಲ ಗೊತ್ತು. ಒಗೆದಾಕೆ ನನ್ನೆದುರಿಗೇ ಕಂಬಕ್ಕೊರಗಿ ಕೂತಿದ್ದರು. ತಲೆ ಎತ್ತಲಿಲ್ಲ. ನಾನು ಸಾವನ್ನು ಹೇಗೋ ಓದಿ ಮುಗಿಸಿ ಪುಸ್ತಕವನ್ನು ರಪ್ಪನೆ ಮುಚ್ಚಿದೆ.

ವೀರಭದ್ರಪ್ಪನವರ ಹೆಂಡತಿ ಗಾಬರಿಯಾಗಿ, ಸಾವಿನ ಮೇಲೆ ಮುಚ್ಚಬೇಡಿರೆಂದು ಅಂಗಲಾಚಿದರು. ಇಂಥ ಪುಸ್ತಕಕ್ಕೆ ಎಂಥ ಮಂಗಳ ಎಂದುಕೊಳ್ಳುತ್ತ ನಾನು ಅದನ್ನು ಮತ್ತೆ ಕಿತ್ತು ತೆರೆದೆ. ತೆರೆದಲ್ಲಿಯೇ ಮದುವೆ ಸಿಕ್ಕಿತು. ಓದತೊಡಗಿದೆ.

ನಾನು ಕಂಡದ್ದನ್ನು ಹೇಳುತ್ತೇನೆ. ಕಪ್ಪು ಅಕ್ಷರಗಳಿದ್ದವು. ಅದೇ ಅಚ್ಚು, ಅದೇ ಅಲ್ಲಲ್ಲಿ ಮಾಸಿದ ಮಸಿ. ಆತನ ಮದುವೆ, ಹುಡುಗಿಯ ಹೆಸರು ನೀಲಮ್ಮ, ನದಿಗೆ ಬಟ್ಟೆ ಹೊತ್ತವಳು ಅವಳು ಎಂಬುದು, ಆಮೇಲೆ ಆತ ಊರು ಬಿಟ್ಟ ದಿನ. ಎರಡು ಪುಟ ಓದಿದೆ. ಇಡೀ ಪುಸ್ತಕ ಓದಿದ್ದ ನನಗೆ ಇದು ಎಲ್ಲಿಂದ ಬಂತೆಂದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಕೊನೆಯ ಸಾಲುಗಳು ಹೀಗಿದ್ದವು: ಮಾಲುಗಾಡಿಗೆ ಏರಿಸಲು ಸ್ಟೇಷನ್ನಿನಲ್ಲಿ ಒಟ್ಟಿದ್ದ ಪರಸಿ ಹಾಸುಗಲ್ಲುಗಳ ಹಿಂದೆ ನೀಲಮ್ಮ ನಿಂತಿದ್ದಳು. ನಾನು ಮರೆತು ಬಂದ ಛತ್ರಿ ಅವಳ ಕೈಯಲ್ಲಿತ್ತು. ನಾನು ನೋಡಿದೆ. ನೋಡಿ, ಮುಖ ತಿರುಗಿಸಿದೆ.

ಪುಸ್ತಕ ಮುಚ್ಚಿದೆ. ಸಕ್ಕರೆ ಹಂಚಿದರು. ಜನ ಎದ್ದು ಹೋದರು. ನೀಲಮ್ಮ ಕೂತಲ್ಲೇ ಇದ್ದರು.

"ಮಾಸ್ತರ, ಛತ್ರಿ ಸುದ್ದಿ ನಾ ಯಾರಿಗೂ ಹೇಳಿಲ್ರಿ. ತಮ್ಮಗೂ ಗೊತ್ತಿಲ್ಲ. ಅವರು ಹ್ಯಾಂಗ ಬರದಾರ?"

ಪುಸ್ತಕ ಹಿಡಿದುಕೊಂಡು ಅಂಗಳಕ್ಕೆ ಬಂದೆ. ಓದುವಾಗ ನನ್ನ ಪಕ್ಕದಲ್ಲೇ ಕೂತಿದ್ದ ವೀರಭದ್ರಪ್ಪ ಹಿಂದೆಯೇ ಬಂದು ನನ್ನ ಕೈ ಹಿಡಿದರು. ಅವರ ಕಣ್ಣು ತುಂಬಿತ್ತು.

"ಖಾಲಿ ಹಾಳಿ ನೋಡಕೋಂತ ಓದಿದ್ರಿ ಮಾಸ್ತರ. ಭಾಳ ಚಲೋ ಮಾಡಿದ್ರಿ."

ಅಲ್ಲಿಯೇ ನಿಂತು ಪುಸ್ತಕ ತೆರೆದೆ. ಸಿಟ್ಟಿನಲ್ಲಿ ನಾನು ಹಳೆಯ ಚಾಳಿಯಂತೆ ಹಿಂದಿನಿಂದ ತೆರೆದಿದ್ದೆ. ಆ ಪುಸ್ತಕದ ಕೊನೆಗೆ ಅಚ್ಚಿನವರು ಎರಡು ಖಾಲಿ ಹಾಳೆ ಬಿಟ್ಟಿದ್ದರು. ಅವುಗಳ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ವೀರಭದ್ರಪ್ಪನವರು ತಿಳಿದಂತೆ ಅದನ್ನು ನಾನೇ ಕರುಣೆಯಿಂದ ಕಟ್ಟಿ ಹೇಳಿದೆನೇ? ನನಗೆ ಕಟ್ಟಲು ಬರುವುದಿಲ್ಲ. ಶಾಲೆಯಲ್ಲಿ ಪ್ರಬಂಧ ಬರೆಸುವುದೇ ನನಗೆ ಕಷ್ಟ. ಛತ್ರಿಯ ವಿಷಯವಂತೂ ನನಗೆ ತಿಳಿಯಲು ದಾರಿಯೇ ಇರಲಿಲ್ಲ. ದೆವ್ವ ಎನ್ನೋಣವೆಂದರೆ ಸತ್ತವರಾದರೂ ಬೇಕಲ್ಲ. ಆತ ಧಾರವಾಡದಲ್ಲಿ ಗಟ್ಟಿಮುಟ್ಟಾಗಿ ಸಭೆಗಳಲ್ಲಿ ಸತ್ಯದ ಮೇಲೆ ಭಾಷಣ ಮಾಡುತ್ತಿದ್ದ. ಮುಂದೆ ಒಂದು ದಿನ ಆತನಿಗೇ ಪತ್ರ ಬರೆದು, ಆ ದಿನ ಸ್ಟೇಷನ್ನಿನಲ್ಲಿ ನೀನು ಅವರನ್ನು ನೋಡಿದೆಯಾ ಇಲ್ಲವಾ ಎಂದು ಕೇಳಿದೆ. ಒಂದು ಕಾರ್ಡು ಬಂತು. ನಿಮ್ಮ ಅಭಿಮಾನಕ್ಕೆ ಋಣಿ, ಎರಡನೆಯ ಮುದ್ರಣದಲ್ಲಿ ಅಚ್ಚಿನ ತಪ್ಪುಗಳನ್ನು ತಿದ್ದಲಾಗುವುದು ಎಂದಿತ್ತು. ಹರಿದು ಒಲೆಗೆ ಹಾಕಿದೆ.

ಆದರೆ ಅದು ಆಮೇಲಿನ ಮಾತು. ಮರುದಿನ ಶಾಲೆ ಬಿಟ್ಟೊಡನೆ ನೀಲಮ್ಮನವರ ಹತ್ತಿರ ಹೋದೆ. ಖಾಲಿ ಹಾಳೆ ತೆರೆದು ತೋರಿಸಿದೆ. ಪುಸ್ತಕದಲ್ಲಿ ನಿಮ್ಮ ಹೆಸರು ಎಲ್ಲಿಯೂ ಇಲ್ಲ, ಮೂರು ವಾರ ನಾನು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡೆ. ಬೈಯಲಿ ಎಂದು ಕಾಯುತ್ತಿದ್ದೆ. ಆಕೆ ಬೈಯಲಿಲ್ಲ. ಹಾಳೆಯನ್ನು ಅಂಗೈಯಿಂದ ಸವರಿ ನೋಡಿದರು.

"ಖಾಲಿ ಅದ ಅಂದ್ರ ಬರೀರಿ. ನನಗ ಎಲ್ಲಾ ನೆನಪದ."

ನನಗೆ ಕೊನೆಯ ನಾಲ್ಕು ಸಾಲು ಬಿಟ್ಟರೆ ಏನೂ ನೆನಪಿರಲಿಲ್ಲ. ಆಕೆಗೆ ಮೊದಲಿನಿಂದ ಒಂದು ಶಬ್ದವೂ ತಪ್ಪದೆ ಬಾಯಿಗೆ ಬಂದಿತ್ತು. ಹೇಳುತ್ತ ಹೋದರು, ಬರೆದುಕೊಂಡೆ. ಆಕೆ ಎಂದೂ ಆಡದ ಗ್ರಂಥದ ಕನ್ನಡ ಅದು; ಆತನ ಬರವಣಿಗೆಯ ಶೈಲಿಯೇ. ಛತ್ರಿಯವರೆಗೆ ಹೇಳಿ ನಿಲ್ಲಿಸಿದರು. ಮುಂದಿನದು ನನಗೆ ಗೊತ್ತಿತ್ತು, ಬರೆಯಲು ಹೋದೆ. ಆಕೆ ನನ್ನ ಕೈ ಹಿಡಿದರು. ಅದೊಂದು ಬೇಡ ಎಂದರು.

ನನಗೆ ತಡೆಯಲಾಗಲಿಲ್ಲ. ನಿಮ್ಮನ್ನು ಅಷ್ಟು ದೊಡ್ಡ ಪುಸ್ತಕದಿಂದ ಕಿತ್ತು ಒಗೆದವನನ್ನು ನೀವು ಇನ್ನೂ ಕಾಯುತ್ತೀರಲ್ಲ ಎಂದು ದನಿಯೆತ್ತಿದೆ. ಅವರ ಮನೆಯಲ್ಲಿ ಕೂತು ಅವರ ಮೇಲೆಯೇ ರೇಗಿದೆ.

"ನಾ ಅವರಿಗೆ ಮಾಫಿ ಕೊಡ್ಲಿಕತ್ತಿಲ್ರಿ ಮಾಸ್ತರ," ಎಂದರು. "ಅವರು ನೋಡಿಲ್ಲ ಅಂತ ತಿಳಕೊಂಡು ಇಪ್ಪತ್ತು ವರ್ಷ ತಗದೀನಿ. ನೋಡ್ಯಾರ ಅಂದ್ರ ಉಳಿದ ದಿನ ಹ್ಯಾಂಗ ತಗೀಲಿ?"

ಬರೆಯಲಿಲ್ಲ. ಬರೆದಷ್ಟನ್ನು ಒಮ್ಮೆ ಓದಿ ಎಂದರು, ಓದಿದೆ. ಛತ್ರಿಯ ಸಾಲು ಮುಗಿಯುತ್ತಲೇ ನನ್ನ ಬಾಯಿ ತಾನಾಗಿ ಮುಂದಿನದನ್ನು ಹೇಳಹೊರಟಿತು. ಹಾಳೆಯಲ್ಲಿ ಏನೂ ಇರಲಿಲ್ಲ, ಆದರೂ ಹೇಳಹೊರಟಿತು. ಹಲ್ಲು ಕಚ್ಚಿ ತಡೆದೆ. ಆಕೆ ನನ್ನ ಬಾಯನ್ನೇ ನೋಡುತ್ತಿದ್ದರು. ಮುಗಿಯಿತೇ ಎಂದು ಕೇಳಿದರು. ಮುಗಿಯಿತು ಎಂದೆ.

ಆಕೆ ಈಗಿಲ್ಲ. ಅದಕ್ಕೇ ಆ ಸಾಲನ್ನು ಇಲ್ಲಿ ಬರೆದಿದ್ದೇನೆ. ಬರೆದದ್ದು ಸರಿಯೋ ತಪ್ಪೋ ತಿಳಿಯದು. ಛತ್ರಿ ನನಗೆ ಗೊತ್ತಿರಲಿಲ್ಲ, ಅಷ್ಟನ್ನು ಆಣೆ ಮಾಡಿ ಹೇಳಬಲ್ಲೆ. ಆದರೆ ಆತ ನೋಡಿ ಮುಖ ತಿರುಗಿಸಿದನೆಂಬ ಮಾತು, ಆತನ ಮೇಲಿನ ನನ್ನ ಸಿಟ್ಟಿಗೆ ಅಂದು ಬೇಕಾಗಿದ್ದ ಮಾತು. ಅದು ನನ್ನಿಂದಲೇ ಬಂದಿದ್ದರೆ, ಆ ಹೆಂಗಸಿಗೆ ಆತ ಮಾಡಿದ್ದಕ್ಕಿಂತ ಕೆಟ್ಟದ್ದನ್ನು ನಾನು ಮಾಡಿದ್ದೇನೆ. ಬಂದಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.